ಪರದೆ ನಿಧಾನವಾದದ್ದು ಯಾಕೆ?

ಕಾಸರಗೋಡಿನ ಕನ್ನಡ ಮಾಧ್ಯಮದವರಿಗೆ ಲಿನಕ್ಸ್ ಹೊಸತಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಸಂಸ್ಥೆಯಾಯಿತು. ಈ ವರ್ಷಗಳಲ್ಲಿ ಮಕ್ಕಳ ಜೊತೆಗೇ ಕಲಿಯುತ್ತ ಬಂದವರು ನಾವು. ಆದರೂ ಗ್ರಾಫಿಕ್ಸ್ ಡ್ರೈವರ್ ಅಂದರೆ ನಮಗೆ ಹೆದರಿಕೆಯೇ.

ಹಳೆ ವಿದ್ಯಾರ್ಥಿಯೊಬ್ಬರು ತಾವು ಬಳಸಿದ ಕಂಪ್ಯೂಟರನ್ನು ಶಾಲೆಗೆ ಕೊಟ್ಟರು. ಒಳಗೆ ಎನ್ವಿಡಿಯಾ ಕಾರ್ಡ್ ಇತ್ತು. ಉಬುಂಟು ಹಾಕಲು ಕೂತರೆ ಪರದೆ ಕಪ್ಪಾಗಿ ನಿಂತಿತು. ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದಂತೆ ಗ್ರಬ್‌ನ ಸಾಲಿನಲ್ಲಿ 'ನೋಮೋಡ್‌ಸೆಟ್' ಎಂಬ ಪದ ಸೇರಿಸಿದೆವು. ಪರದೆ ಬಂತು. ಮತ್ತೆ ತೊಂದರೆ ಬೇಡವೆಂದು ಆ ಪದವನ್ನು ಗ್ರಬ್‌ನ ಕಡತದಲ್ಲೇ ಬರೆದಿಟ್ಟೆವು. ಮೆನುಗಳನ್ನೆಲ್ಲ ಕನ್ನಡಕ್ಕೆ ಬದಲಾಯಿಸಿದಾಗ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಆ ಖುಷಿ ನಕ್ಷತ್ರಗಳ ಪಾಠದ ದಿನದವರೆಗೆ ಮಾತ್ರ. ಸ್ಟೆಲೇರಿಯಂ ತೆರೆದು ಆಕಾಶ ತಿರುಗಿಸಿದರೆ ಅದು ಎತ್ತಿನ ಗಾಡಿಯಂತೆ ತಡೆದು ತಡೆದು ಹೋಗುತ್ತಿತ್ತು. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಮಾಷ್ಟ್ರೇ, ಕನ್ನಡ ಹಾಕಿದ್ದಕ್ಕೆ ಹೀಗೆ ನಿಧಾನ ಆದದ್ದಾ? ಮಲಯಾಳ ಡಿವಿಷನಿನ ಕಂಪ್ಯೂಟರ್ ಬೇಗ ಓಡ್ತದಲ್ಲ."

ನಮಗೆ ಉತ್ತರ ಹೊಳೆಯಲಿಲ್ಲ. ಸತ್ಯ ಹೇಳಬೇಕೆಂದರೆ, ಇಂಗ್ಲಿಷಿಗೆ ಬದಲಾಯಿಸಿ ನೋಡೋಣವೇ ಎಂದು ನಮ್ಮ ಕೈಯೂ ಮೌಸ್ ಕಡೆ ಹೋಗಿತ್ತು!

ಆ ಸಂಜೆ ಗಣಿತದ ಟೀಚರ್ ಮತ್ತು ನಾವು ಲ್ಯಾಬಿನಲ್ಲೇ ಉಳಿದೆವು. 'ಮೆಸಾ-ಯುಟಿಲ್ಸ್' ಹಾಕಿ, ಟರ್ಮಿನಲ್ಲಿನಲ್ಲಿ 'ಜಿಎಲ್ಎಕ್ಸ್‌ಇನ್ಫೋ' ಕೊಟ್ಟೆವು. ರೆಂಡರರ್ ಎಂಬಲ್ಲಿ ಎನ್ವಿಡಿಯಾ ಹೆಸರೇ ಇಲ್ಲ, 'ಎಲ್ಎಲ್‌ವಿಎಂಪೈಪ್' ಎಂದಿತ್ತು.

ವಿಷಯ ಇಷ್ಟೇ. ಸ್ಟೆಲೇರಿಯಂನಂಥ ತಂತ್ರಾಂಶ ಚಿತ್ರ ಬಿಡಿಸಲು ಓಪನ್‌ಜಿಎಲ್ ಬಳಸುತ್ತದೆ. ಲಿನಕ್ಸಿನಲ್ಲಿ ಆ ಕೆಲಸ ಮಾಡುವ ಲೈಬ್ರರಿ ಮೆಸಾ. ಕಾರ್ಡಿನ ಡ್ರೈವರ್ ಸಿಗದಿದ್ದರೆ ಮೆಸಾ ಸುಮ್ಮನಿರುವುದಿಲ್ಲ, ಎಲ್ಲವನ್ನೂ ಪ್ರೊಸೆಸರಿನ ಕೈಯಲ್ಲೇ ಮಾಡಿಸುತ್ತದೆ. 1920ಕ್ಕೆ 1080ರ ಪರದೆಯೆಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿ. ಪಾಪ, ಅದು ಸುಸ್ತಾಗದೆ ಇನ್ನೇನು? ನಾವು ಬರೆದಿಟ್ಟ 'ನೋಮೋಡ್‌ಸೆಟ್' ಪದವೇ ನೂವೋ ಎಂಬ ಡ್ರೈವರನ್ನು ಏಳಲು ಬಿಡದೆ ತಡೆದಿತ್ತು. ತುರ್ತಿಗೆ ಕಟ್ಟಿದ ಬ್ಯಾಂಡೇಜನ್ನು ಬಿಚ್ಚಲು ಮರೆತವರು ನಾವು.

'ಹೆಚ್ಚುವರಿ ಡ್ರೈವರ್'ಗಳ ಪಟ್ಟಿ ತೆರೆದು, ಅದರಲ್ಲಿ ಶಿಫಾರಸು ಮಾಡಿದ್ದ ಎನ್ವಿಡಿಯಾ ಡ್ರೈವರನ್ನೇ ಆರಿಸಿದೆವು. ಅಂತರಜಾಲದಿಂದ ಬೇರೆ ಕಡತ ಇಳಿಸಿಕೊಳ್ಳಲು ಹೋಗಲಿಲ್ಲ. ಪಟ್ಟಿಯಿಂದ ಹಾಕಿದರೆ ಕರ್ನೆಲ್ ಹೊಸದಾದಾಗ ಡ್ರೈವರೂ ಜೊತೆಗೆ ಹೊಂದಿಕೊಳ್ಳುತ್ತದೆ. ಗ್ರಬ್‌ನ ಕಡತದಿಂದ ಆ ಪದ ಅಳಿಸಿ, 'ಅಪ್‌ಡೇಟ್-ಗ್ರಬ್' ಕೊಟ್ಟು, ಕಂಪ್ಯೂಟರ್ ಮತ್ತೆ ಚಾಲೂ ಮಾಡಿದೆವು. ಪರದೆ ಬರುವವರೆಗೆ ಇಬ್ಬರಿಗೂ ಉಸಿರಿಲ್ಲ. ಬಂತು. ಈ ಸಲ ರೆಂಡರರ್ ಜಾಗದಲ್ಲಿ ಎನ್ವಿಡಿಯಾ.

ಮರುದಿನ ಆ ಹುಡುಗಿಯನ್ನೇ ಕೂರಿಸಿದೆವು. ಮೆನು ಕನ್ನಡದಲ್ಲೇ ಇತ್ತು. ಆಕಾಶ ನೀರಿನಂತೆ ತಿರುಗಿತು. "ಭಾಷೆಯಿಂದ ಆದದ್ದಲ್ಲ ಮಗೂ, ಮಾಷ್ಟ್ರು ಮಾಡಿದ ತಪ್ಪು" ಎಂದು ತರಗತಿಯ ಮುಂದೆಯೇ ಒಪ್ಪಿಕೊಂಡೆವು. ಅವಳು ನಕ್ಕು, ಸಪ್ತರ್ಷಿ ಮಂಡಲ ಹುಡುಕತೊಡಗಿದಳು.

ನಿಮ್ಮ ಲ್ಯಾಬಿನಲ್ಲೂ ಪರದೆ ತೆವಳುತ್ತಿದ್ದರೆ ಭಾಷೆ ಬದಲಾಯಿಸಬೇಡಿ. ಮೊದಲು ರೆಂಡರರ್ ಹೆಸರು ನೋಡಿ.