ವ್ಯಾಯಾಮವೂ ಔಷಧವೇ

ಅಧ್ಯಾಪಕ ವೃತ್ತಿಯಲ್ಲಿ ಎರಡೂವರೆ ದಶಕಗಳನ್ನು ಕಳೆದ ನಾನು ಪರರಿಗೆ ಪಾಠ ಹೇಳಿದುದೇ ಹೆಚ್ಚು, ಹೇಳಿಸಿಕೊಂಡುದು ಕಡಿಮೆ. ಮೂರು ವರ್ಷಗಳ ಹಿಂದೆ ಆ ಭಾಗ್ಯವೂ ಒದಗಿತು.

ಪಾದಗಳಲ್ಲಿ ಉರಿ, ಕಾರಣವಿಲ್ಲದ ದಣಿವು. ನಗರದ ದವಾಖಾನೆಯೊಂದಕ್ಕೆ ಹೋದೆ. ಅಲ್ಲಿಯ ವೈದ್ಯರು ಇದೇ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವರು. ರಕ್ತಪರೀಕ್ಷೆಯಲ್ಲಿ ಮಧುಮೇಹವು ನಿಶ್ಚಿತವಾಯಿತು. ನನ್ನ ತಂದೆಯವರಿಗೂ ಇದೇ ವ್ಯಾಧಿ; ಮಾಯದ ಹುಣ್ಣಿನಿಂದ ಕೊನೆಗಾಲದಲ್ಲಿ ಅವರು ಒಂದು ಪಾದವನ್ನೇ ಕಳೆದುಕೊಂಡಿದ್ದರು. ಆದುದರಿಂದ ನನ್ನ ಎದೆ ನಡುಗಿದುದು ಸಹಜ. ವೈದ್ಯರು ಚೀಟಿಯಲ್ಲಿ ಎರಡು ಗುಳಿಗೆಗಳ ಹೆಸರು ಬರೆದು ಅವುಗಳ ಕೆಳಗೆ, ‘ಬಿರುಸು ನಡಿಗೆ: ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ’ ಎಂದು ಬರೆದರು.

“ಇದು ಉಪದೇಶವೋ, ಔಷಧವೋ?” ಎಂದೆ.

“ಔಷಧವೇ ಗುರುಗಳೇ. ಅದಕ್ಕೇ ಪ್ರಮಾಣ ಬರೆದಿದ್ದೇನೆ” ಎಂದವರು ಸ್ವಲ್ಪ ತಡೆದು, “ನಮ್ಮ ಆಟದ ತಾಸನ್ನು ತಾವು ಸಂಧಿ-ಸಮಾಸಗಳಿಗೆ ತೆಗೆದುಕೊಳ್ಳುತ್ತಿದ್ದಿರಿ, ನೆನಪಿದೆಯೆ?” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಮರುದಿನ ಸೂರ್ಯೋದಯಕ್ಕೆ ಮುನ್ನ ಶ್ರೀ ಸಿದ್ಧೇಶ್ವರ ಗುಡಿಯ ಮುಂದಿನಿಂದ ಹೊರಟು, ಗೋಳಗುಮ್ಮಟದ ದಿಕ್ಕಿಗೆ ಕಾಲು ತಾಸು ನಡೆದು ಹಿಂದಿರುಗಿದೆ. ಧೋತರ ಉಟ್ಟ ಪಂಡಿತನ ಆ ಬಿರುಸು ನಡಿಗೆಯನ್ನು ಕಂಡ ಪರಿಚಿತರೊಬ್ಬರು, “ಯಾಕ್ರಿ ಮಾಸ್ತರ, ಗಾಡಿ ಕೆಟ್ಟೈತೇನ್ರಿ?” ಎಂದು ಕೇಳಿದರು. ಕೆಟ್ಟುದು ಗಾಡಿಯಲ್ಲ, ಅದನ್ನು ಏರುವ ದೇಹವೆಂದು ಹೇಳಲು ನಾಚಿಕೆಯಾಯಿತು.

ಮನೆಗೆ ಬಂದು ಗ್ರಂಥಗಳನ್ನು ತೆರೆದೆ. ಸುಶ್ರುತಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ, ನಿರ್ಧನನಾದ ರೋಗಿಯು ನೂರು ಯೋಜನ ಅಥವಾ ಅದಕ್ಕೂ ಅಧಿಕವಾಗಿ ನಡೆಯಬೇಕು, ಭೂಮಿಯನ್ನು ಉಳಬೇಕು, ಬಾವಿ ತೋಡಬೇಕು ಎಂಬ ವಿಧಿಗಳಿವೆ. ಅದೇ ಸಂಹಿತೆಯು ವ್ಯಾಯಾಮವನ್ನು ಅರ್ಧಬಲದವರೆಗೆ ಮಾತ್ರ ಮಾಡಬೇಕೆಂದು ವಿಧಿಸುತ್ತದೆ. ಉಸಿರು ಬಾಯಿಗೆ ಬರತೊಡಗುವುದೇ ಅರ್ಧಬಲದ ಲಕ್ಷಣ. ಇಂದಿನ ವೈದ್ಯರು ಹೇಳುವ ಅಳತೆಯೂ ಇದಕ್ಕೆ ಸಮೀಪವಾದುದೇ: ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಇವನ್ನೆಲ್ಲ ಓದಿಯೂ ಕುಳಿತೇ ಇದ್ದವನು ನಾನು!

ನೂತನ ವಿಜ್ಞಾನವೂ ಇದನ್ನೇ ಸಮರ್ಥಿಸುತ್ತದೆ. 1953ರಲ್ಲಿ ಮಾರಿಸ್ ಎಂಬ ಆಂಗ್ಲ ವೈದ್ಯರು, ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಿಗೆ ಹೃದ್ರೋಗ ಹೆಚ್ಚೆಂದು ತೋರಿಸಿದರು. ಭಾರತದಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಕುರಿತು ನಡೆದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಆಹಾರ ಮತ್ತು ನಡಿಗೆಯ ನಿಯಮಗಳಿಂದ, ಆ ಹೊಸ್ತಿಲನ್ನು ದಾಟುವವರ ಪ್ರಮಾಣವು ಶೇಕಡಾ 28ರಷ್ಟು ತಗ್ಗಿತೆಂದು ಅದು ತಿಳಿಸಿತು. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಸೆಳೆದುಕೊಳ್ಳಬಲ್ಲುದು. ಒಂದು ದಿನದ ನಡಿಗೆಯ ಫಲವು ಹೆಚ್ಚೆಂದರೆ ಎರಡು-ಮೂರು ದಿನ ಉಳಿಯುತ್ತದೆ. ಆದುದರಿಂದ ಸತತವಾಗಿ ಎರಡು ದಿನ ತಪ್ಪಿಸಲಾಗದು.

ಔಷಧವೆಂದ ಮೇಲೆ ಪಥ್ಯವೂ ಇರಬೇಕಷ್ಟೆ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ನಡೆಯುವಾಗ ಸಕ್ಕರೆಯು ಒಮ್ಮೆಲೇ ಇಳಿಯಬಹುದು. ಕಿಸೆಯಲ್ಲಿ ಸ್ವಲ್ಪ ಸಕ್ಕರೆ ಇರಲಿ. ಪಾದಗಳನ್ನು ದಿನವೂ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು. ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ನಮ್ಮ ಬಿಸಿಲಿನಲ್ಲಿ ಬೆಳಗೇ ಪ್ರಶಸ್ತ.

ಆರು ತಿಂಗಳಾದ ಮೇಲೆ, ಮೂರು ತಿಂಗಳ ಸರಾಸರಿಯನ್ನು ಹೇಳುವ ರಕ್ತಪರೀಕ್ಷೆಯಲ್ಲಿ 8.6 ಇದ್ದ ಅಂಕವು 7.1ಕ್ಕೆ ಇಳಿದಿತ್ತು. ಗುಳಿಗೆಗಳು ನಿಂತಿಲ್ಲ, ಆದರೆ ಹೆಚ್ಚಿಲ್ಲ. ಪಾದಗಳು ನನ್ನವಾಗಿಯೇ ಉಳಿದಿವೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ತರುಣರು ಭಾರ ಎತ್ತುವುದನ್ನೂ ಕುಸ್ತಿಯಾಡುವುದನ್ನೂ ನೋಡಿ ಚಪ್ಪಾಳೆ ತಟ್ಟುವ ನಾವು, ವರ್ಷದ ಉಳಿದ ದಿನಗಳಲ್ಲಿ ನಮ್ಮ ಮಕ್ಕಳನ್ನು ಬೆಂಚಿಗೆ ಅಂಟಿಸುತ್ತೇವೆ. ಬಬಲೇಶ್ವರದ ಕಡೆಯ ಹಳ್ಳಿಯಿಂದ ನಾನು ಶಾಲೆಗೆ ನಡೆದೇ ಹೋಗುತ್ತಿದ್ದೆ. ಇಂದಿನ ಮಕ್ಕಳು ಮನೆ ಬಾಗಿಲಲ್ಲಿ ವಾಹನವೇರುತ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿದೆ. ಮಕ್ಕಳ ಪಾಲಿನ ಆ ಔಷಧವನ್ನು ಪರೀಕ್ಷೆಯ ನೆಪದಿಂದ ಕಸಿದುಕೊಂಡವರಲ್ಲಿ ನಾನೂ ಒಬ್ಬ.

ಈ ವರ್ಷದಿಂದ ಆಟದ ತಾಸಿಗೆ ನಾನು ಕೈಹಾಕಿಲ್ಲ. ಆ ಹೊತ್ತಿನಲ್ಲಿ ಮಕ್ಕಳೊಡನೆ ಮೈದಾನವನ್ನು ಸುತ್ತುತ್ತೇನೆ. ಸಹೋದ್ಯೋಗಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಆ ತಾಸನ್ನು ಮಕ್ಕಳಿಗೇ ಬಿಟ್ಟುಕೊಡೋಣ. ದಾನಿ ಮಹಾಶಯರಲ್ಲಿಯೂ ಒಂದು ಪ್ರಾರ್ಥನೆ: ಹೊಸ ಕೊಠಡಿಗಳನ್ನು ಕಟ್ಟಿಸುವಾಗ ಮೈದಾನದ ಒಂದಡಿಯನ್ನೂ ಕಿರಿದು ಮಾಡದಿರಿ. ಸಂಧಿ-ಸಮಾಸಗಳು ಅನಂತರವೂ ಬಂದಾವು. ಮಾಯದ ಹುಣ್ಣಿಗೆ ಕೊಟ್ಟ ಪಾದವು ಮರಳಿ ಬಾರದು.