ಗಾಜಿನೊಳಗಿನ ಬೆಟ್ಟಗಳು

ಎರಡು ಗಾಜಿನ ಹಲಗೆಗಳ ನಡುವೆ ನೀರನ್ನೂ ಮರಳನ್ನೂ ತುಂಬಿ, ನಾಲ್ಕು ಕಡೆಯೂ ಮುಚ್ಚಿ, ಚೌಕಟ್ಟಿನಲ್ಲಿ ಕೂರಿಸಿದ ಒಂದು ಬಗೆಯ ಪಟವನ್ನು ವಾಚಕರಲ್ಲಿ ಹಲವರು ಅಂಗಡಿಗಳಲ್ಲಿ ಕಂಡಿರಬಹುದು. ಅದನ್ನು ತಲೆಕೆಳಗು ಮಾಡಿದೊಡನೆ ಮೇಲೆ ಹೋದ ಮರಳು ಎಳೆಯೆಳೆಯಾಗಿ ಇಳಿಯತೊಡಗಿ, ಕೆಳಗೆ ಬೆಟ್ಟಗಳೂ ಕಣಿವೆಗಳೂ ತಾವಾಗಿಯೇ ಮೂಡುವುವು. ಒಮ್ಮೆ ಮೂಡಿದ ಬೆಟ್ಟ ಮತ್ತೊಮ್ಮೆ ಹಾಗೆಯೇ ಮೂಡುವುದಿಲ್ಲ. ನೋಡಿದವರೆಲ್ಲರೂ ಮರಳಿನ ಬಣ್ಣವನ್ನು ಹೊಗಳುತ್ತಾರೆ. ಮನೆಯಲ್ಲಿ ಅದನ್ನು ಮಾಡಿನೋಡಿದ ಮೇಲೆ, ಆ ಹೊಗಳಿಕೆಯ ಬಹುಪಾಲು ಗಾಳಿಗೆ ಸಲ್ಲತಕ್ಕದ್ದೆಂದು ನಮಗೆ ತೋರಿತು.

ಬೆಣಚುಕಲ್ಲಿನ ಮರಳು ನೀರಿಗಿಂತ ಎರಡೂವರೆ ಪಾಲಿಗೂ ಮಿಗಿಲು ತೂಕವುಳ್ಳದ್ದು. ಬರಿಯ ನೀರಿನಲ್ಲಾದರೆ ತಿರುವಿದ ಕ್ಷಣವೇ ಒಟ್ಟಾಗಿ ಕುಸಿದುಬೀಳುವುದು. ಒಳಗೆ ಸ್ವಲ್ಪ ಗಾಳಿಯನ್ನು ಉಳಿಸಿದರೆ ಸಂಗತಿಯೇ ಬೇರೆ. ಪಟವನ್ನು ತಿರುವಿದಾಗ ಆ ಗಾಳಿಯು ಮೇಲೇರಲು ಹವಣಿಸಿ, ಮರಳಿನ ಅಡಿಯಲ್ಲಿ ಸಿಕ್ಕಿ, ಗುಳ್ಳೆಗಳ ಸಾಲಾಗಿ ನಿಂತು ಅದನ್ನು ಹೊರುವುದು. ಗುಳ್ಳೆಗಳ ಸಂದಿನಲ್ಲಿ ಮಾತ್ರ ಮರಳಿಗೆ ದಾರಿ. ಒಂದು ಗುಳ್ಳೆ ಕದಲಿದರೆ ಒಂದು ಧಾರೆ ನಿಂತು ಇನ್ನೊಂದು ತೆರೆಯುವುದು.

ಬೆಟ್ಟದ ಮೈಮೇಲೆ ಕೆಲವೊಮ್ಮೆ ಪಟ್ಟೆಗಳೂ ಕಾಣುವುದುಂಟು. ಒಣ ಕಣಗಳ ವಿಷಯದಲ್ಲಿ ಇಂತಹುದನ್ನೇ ೧೯೯೭ರಲ್ಲಿ ಮಕ್ಸೆ, ಹಾವ್ಲಿನ್, ಕಿಂಗ್, ಸ್ಟ್ಯಾನ್ಲಿ ಎಂಬ ನಾಲ್ವರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ದೊಡ್ಡ ಒರಟು ಕಣಗಳನ್ನೂ ಸಣ್ಣ ನುಣುಪು ಕಣಗಳನ್ನೂ ಬೆರಸಿ ಎರಡು ಹಲಗೆಗಳ ನಡುವೆ ಸುರಿದರೆ, ಯಾರ ಕೈಯೂ ಸೋಕದೆ ಅವು ಪದರಪದರವಾಗಿ ಬೇರ್ಪಡುವುವು. ಸಕ್ಕರೆಯನ್ನೂ ಸಣ್ಣ ಮರಳನ್ನೂ ಬೆರಸಿ ಮಕ್ಕಳು ಇದನ್ನು ಪರೀಕ್ಷಿಸಬಹುದು. ಸಕ್ಕರೆಯ ಡಬ್ಬಿಗೆ ಕೈಹಾಕುವ ಮೊದಲು ಮನೆಯಾಕೆಯ ಅಪ್ಪಣೆ ಪಡೆಯತಕ್ಕದ್ದು.

ನಾವು ಈ ಕೆಲಸಕ್ಕೆ ತೊಡಗಿದುದು ಬರಿಯ ವಿನೋದಕ್ಕೆಂದಲ್ಲ. ನಮ್ಮ ತಾಯಿಯವರು ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದಿದ್ದರು. ನೀರು ಬೇಕಾದರೂ, ದಿಂಬು ಸರಿಪಡಿಸಬೇಕಾದರೂ ಯಾರನ್ನಾದರೂ ಕೂಗಬೇಕು. ಕೂಗುವ ಸಂಕೋಚಕ್ಕಾಗಿ ಅವರು ನೀರು ಕುಡಿಯುವುದನ್ನೇ ಕಡಮೆ ಮಾಡಿದ್ದರು. ಯಾರನ್ನೂ ಕರೆಯದೆ ತಾವಾಗಿಯೇ ಮಾಡಬಹುದಾದ ಕೆಲಸವೊಂದು ಅವರ ಕೈಗೆಟಕುವಂತಿರಬೇಕೆಂಬುದು ನಮ್ಮ ಮನೆಯವರ ಆಲೋಚನೆ. ಆದಕಾರಣ ನಮ್ಮ ಪಟವು ಗೋಡೆಗೆ ತೂಗುಹಾಕುವಂತಹುದಾಗದೆ, ಮಂಚದ ಪಕ್ಕದಲ್ಲಿ ಎರಡು ಗೂಟಗಳ ನಡುವೆ, ಅಚ್ಚಿನ ಮೇಲೆ ತಿರುಗುವಂತಹುದಾಗಬೇಕಾಯಿತು.

ಒಂದಡಿ ಉದ್ದ, ಮುಕ್ಕಾಲಡಿ ಅಗಲದ ಎರಡು ಹಲಗೆಗಳನ್ನು ಕೊಯ್ಯಿಸಿ, ಕೈ ಕೊಯ್ಯದಂತೆ ಅಂಚುಗಳನ್ನು ತೀಡಿಸಿದೆವು. ನಡುವೆ ಐದು ಮಿಲಿಮೀಟರ್ ದಪ್ಪದ ಗಾಜಿನ ಪಟ್ಟಿಗಳನ್ನಿರಿಸಿ, ಮೀನಿನ ತೊಟ್ಟಿಗಳಿಗೆ ಹಚ್ಚುವ ಸಿಲಿಕೋನ್ ಅಂಟಿನಿಂದ ಕೂಡಿಸಿ, ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಬಾಯಿ ಬಿಟ್ಟೆವು. ಅಂಟು ಹುಳಿಯ ವಾಸನೆ ಬೀರುವುದು. ಅದು ಪೂರ್ತಿ ಆರುವವರೆಗೆ ಎರಡು ದಿನ ಮುಟ್ಟಲಿಲ್ಲ.

ಮರಳಿನದೇ ದೊಡ್ಡ ಕೆಲಸ. ಮನೆಯಲ್ಲಿದ್ದ ರಂಗೋಲಿಯ ಪುಡಿ ಸುಲಭವೆಂದು ಯಾರಿಗಾದರೂ ತೋರಬಹುದು. ಆದರೆ ಅದು ಅತಿ ನುಣುಪು. ನೀರನ್ನು ಹಾಲಿನಂತೆ ಕದಡಿಬಿಡುವುದು, ಬಣ್ಣದ್ದಾದರೆ ಬಣ್ಣವನ್ನೂ ಬಿಡುವುದು. ಹೊಳೆಯ ಮರಳನ್ನು ಜರಡಿಯಾಡಿಸಿ, ಮೇಲೆ ನಿಂತ ನೀರು ತಿಳಿಯಾಗುವ ತನಕ ತೊಳೆಯಬೇಕು. ನಮ್ಮ ಮರಳಿಗೆ ಹದಿನಾಲ್ಕು ನೀರು ಹಿಡಿಯಿತು. ಒಣಗಿದ ಮರಳಿನ ಮೇಲೆ ಕಾಗದ ಸುತ್ತಿದ ಸೂಜಿಗಲ್ಲನ್ನು ಆಡಿಸಿದರೆ ಕರಿಯ ಕಣಗಳು ಅಂಟಿಬರುವುವು. ಮ್ಯಾಗ್ನಟೈಟ್ ಎಂಬ ಈ ಖನಿಜವು ನೀರಿನ ಐದರಷ್ಟು ಭಾರ. ಬಿಳಿಯ ಮರಳಿಗಿಂತ ಬೇಗನೆ ಇಳಿಯುವುದು. ಇದಕ್ಕೆ ಬದಲಾಗಿ ಕಬ್ಬಿಣದ ಅರಪುಡಿಯನ್ನು ಹಾಕಕೂಡದು; ತುಕ್ಕು ಹಿಡಿದೀತು.

ಕಾಗದದ ಆಲಿಕೆಯಿಂದ ಮರಳನ್ನೂ, ಪಿಚಕಾರಿಯಿಂದ ಬಟ್ಟಿಯಿಳಿಸಿದ ನೀರನ್ನೂ ತುಂಬಿದೆವು. ಪಾತ್ರೆ ತೊಳೆಯುವ ಸಾಬೂನಿನ ದ್ರವ ಒಂದು ತೊಟ್ಟು ಬಿದ್ದರೆ ಗುಳ್ಳೆಗಳು ಚಿಕ್ಕವಾಗಿ ಬಾಳುವುವು, ಹೆಚ್ಚಾದರೆ ನೊರೆ. ಗಾಳಿಯನ್ನು ಮಾತ್ರ ಅಳತೆಯಿಂದ ಹೇಳಲಾಗದು. ಕಡಮೆಯಾದರೆ ಮರಳು ದಡದಡನೆ ಸುರಿಯುವುದು. ಹೆಚ್ಚಾದರೆ ಗುಳ್ಳೆಗಳ ಮೇಲೆಯೇ ಕುಳಿತು ಕೆಳಗಿಳಿಯಲೊಲ್ಲದು. ಸೂಜಿಯಿಂದ ಇಷ್ಟಿಷ್ಟೇ ಬಿಡುತ್ತ, ತೆಗೆಯುತ್ತ ಒಂದು ಸಂಜೆಯೆಲ್ಲ ಕಳೆದ ಬಳಿಕ ಮರಳು ಐದಾರು ಎಳೆಗಳಲ್ಲಿ ನಿಧಾನವಾಗಿ ಇಳಿಯತೊಡಗಿತು. ಬಾಯನ್ನು ಮುಚ್ಚಿದೆವು.

ಇನ್ನೊಂದು ತೊಡಕಿತ್ತು. ತಿರುವಿದಾಗ ಭಾರವೆಲ್ಲ ಮೇಲಾಗುವುದರಿಂದ ಪಟವು ತಾನಾಗಿಯೇ ಮರಳಿ ಹೊರಳುವುದು. ಬಡಗಿಯು ಅಚ್ಚಿಗೆ ಚರ್ಮದ ಬಿಲ್ಲೆಗಳನ್ನು ತೊಡಿಸಿ ಸ್ವಲ್ಪ ಬಿಗಿಮಾಡಿದ ಮೇಲೆ, ಬಿಟ್ಟಲ್ಲಿ ನಿಲ್ಲುವುದೂ ಎರಡು ಬೆರಳಿಗೆ ತಿರುಗುವುದೂ ಎರಡೂ ಆದುವು.

ತಾಯಿಯವರು ಮೊದಲ ದಿನ ನಮ್ಮ ಸಮಾಧಾನಕ್ಕೆಂಬಂತೆ ಒಂದು ಸಲ ತಿರುವಿದರು. ಮರುದಿನ ಮಧ್ಯಾಹ್ನ ಅವರ ಕೋಣೆಯಿಂದ ಅಚ್ಚಿನ ಕಿರುಗುಟ್ಟುವಿಕೆ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಪುನಃ ಕೇಳಿಸಿತು. ಸಂಜೆ ಒಳಗೆ ಹೋದಾಗ, “ಬಾರೋ, ಇದು ನೋಡು, ಥೇಟು ಕೊಡಚಾದ್ರಿ. ನಿಮ್ಮಪ್ಪನ ಜೊತೆ ಹತ್ತಿದ್ದು,” ಎಂದರು. ನಾವು ನೋಡುವಷ್ಟರಲ್ಲಿ ಒಂದು ಗುಳ್ಳೆ ಸರಿದು ಕೊಡಚಾದ್ರಿಯ ನೆತ್ತಿಯ ಮೇಲೆ ಮತ್ತೊಂದು ಗುಡ್ಡ ಕೂತಿತ್ತು. ಅಚ್ಚಿಗೆ ಎಣ್ಣೆ ಬಿಡಲು ಮೊಮ್ಮಗನು ಬಂದರೆ ಅವರು ಬೇಡವೆನ್ನುವರು. ಎಣ್ಣೆ ಬಿದ್ದರೆ ಬಿಲ್ಲೆ ಜಾರಿಹೋಗುವುದೆಂಬ ಅವರ ವಾದವು ಸರಿಯಾದುದೇ.

ಈಗ ಕೆಲವು ತಿಂಗಳಾಗಿ ಗುಳ್ಳೆಗಳು ಒಂದರೊಡನೊಂದು ಕೂಡಿ ದೊಡ್ಡವಾಗಿವೆ. ಮರಳು ಎರಡೇ ಧಾರೆಯಾಗಿ ಬೀಳುತ್ತಿದೆ. ಬರುವ ಭಾನುವಾರ ಮೂಲೆಯ ಅಂಟನ್ನು ಬಿಡಿಸಿ, ಗಾಳಿಯನ್ನು ಹೊಸದಾಗಿ ಬಿಡಬೇಕೆಂದು ಅಪ್ಪಣೆಯಾಗಿದೆ. ಈ ಸಲ ಸೂಜಿಯನ್ನು ತಾವೇ ಹಿಡಿಯುವರಂತೆ.