ಸೌಟಿನ ಮೇಲಿನ ಸಿಂಹ

ಶೆಫೀಲ್ಡ್‌ಗೆ ಹೊರಟಾಗ ಅಪ್ಪ ಹಳೇ ಕರ್ಚೀಫಿನಲ್ಲಿ ಸುತ್ತಿದ ಒಂದು ಚಮಚ ಕೊಟ್ಟರು. "ಪ್ರಾಜೆಕ್ಟು ಅಂತ ಹೇಗೂ ಮೂರು ತಿಂಗಳು ಅಲ್ಲೇ ಇರ್ತೀಯ. ಇದರ ಹಿಂದೆ ಆ ಊರಿನ ಹೆಸರೇ ಇದೆ. ಎಷ್ಟು ಹಳೇದು, ಎಂಥ ಬೆಳ್ಳಿ, ಕೇಳ್ಕೊಂಡು ಬಾ" ಅಂದರು.

ಈ ಚಮಚಗಳದ್ದು ನಮ್ಮ ಮನೆಯಲ್ಲಿ ದೊಡ್ಡ ಕಥೆ. ತಾತ ಚಿಕ್ಕಮಗಳೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಹೊರಟ ದೊರೆ ಹನ್ನೆರಡು ಚಮಚ, ಒಂದು ಸೌಟು ತಾತನ ಕೈಗಿಟ್ಟು ಹೋದರಂತೆ. ಅಜ್ಜಿ ಚಮಚಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು, ಕಷ್ಟಕಾಲಕ್ಕಿರಲಿ ಅಂತ. ಸೌಟು ಮಾತ್ರ ಹಬ್ಬದ ದಿನ ಪಾಯಸ ಬಡಿಸೋಕೆ ಹೊರಗೆ ಬರುತ್ತಿತ್ತು. ಈಗ ತಂಗಿಯ ಮದುವೆ ನಿಶ್ಚಯವಾಗಿದೆ. ಚಮಚ ಕರಗಿಸಿ ಅವಳಿಗೆ ಬೆಳ್ಳಿ ತಟ್ಟೆ ಮಾಡಿಸೋದು ಅಪ್ಪನ ಲೆಕ್ಕ.

ಶೆಫೀಲ್ಡ್ ಏರಿಳಿತದ ಊರು. ಬೆಟ್ಟದಿಂದಿಳಿಯುವ ಹೊಳೆಗಳ ನೀರಿನಲ್ಲೇ ಸಾಣೆಕಲ್ಲು ತಿರುಗಿಸಿ ಇಲ್ಲಿಯವರು ಶತಮಾನಗಟ್ಟಲೆ ಚಾಕು, ಕತ್ತರಿ ಮಾಡಿದ್ದಾರೆ. ಚಾಕು ಮಾಡುವವರ ಸಂಘ ಶುರುವಾದದ್ದೇ 1624ರಲ್ಲಿ. ಅವರ ಭವನ ಈಗಲೂ ಕೆಥೆಡ್ರಲ್ ಎದುರಿಗಿದೆ. ತುಕ್ಕು ಹಿಡಿಯದ ಸ್ಟೀಲನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದೂ ಇಲ್ಲೇ. ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗೂ ಈ ಊರಿಗೂ ನಂಟಿದೆ ಅನ್ನಿ. ಕೆಲ್ಹಮ್ ಐಲ್ಯಾಂಡ್ ಮ್ಯೂಸಿಯಂ ನೋಡಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಚಮಚ ಪಾಲಿಶ್ ಮಾಡುತ್ತಿದ್ದ ಹೆಂಗಸರ ಕಥೆ. ಮೈಗೆ ಮಸಿ ಅಂಟದಿರಲಿ ಅಂತ ಕಂದು ಕಾಗದ ಸುತ್ತಿಕೊಂಡು ದಿನವಿಡೀ ಚಕ್ರದ ಮುಂದೆ ನಿಲ್ಲುತ್ತಿದ್ದರಂತೆ.

ಒಂದು ಶನಿವಾರ ಚಮಚ ಜೇಬಿಗಿಟ್ಟುಕೊಂಡು ಅಬ್ಬಿಡೇಲ್ ರಸ್ತೆಗೆ ಹೋದೆ. ಅಲ್ಲಿ ಹಳೇ ಸಾಮಾನಿನ ಅಂಗಡಿಗಳು ಬಹಳ. ಒಂದು ಅಂಗಡಿಯ ವಯಸ್ಸಾದ ಯಜಮಾನರು ಚಮಚ ತಿರುಗಿಸಿ ನೋಡಿ ಏನೂ ಹೇಳಲಿಲ್ಲ. ತಮ್ಮದೊಂದು ಚಮಚ ತೆಗೆದು, ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು, "ಮೊದಲು ಇದನ್ನು ಓದಿ" ಅಂದರು.

ಓದೋದು ಅಂದರೆ ನಿಜಕ್ಕೂ ಓದೋದೇ. ಹಿಡಿಯ ಹಿಂದೆ ಸಣ್ಣ ಸಣ್ಣ ಮುದ್ರೆಗಳ ಸಾಲು. ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಪರೀಕ್ಷೆ ಮಾಡಿದ ಊರಿಗೊಂದು ಗುರುತು: ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಂಗೆ ಹಡಗಿನ ಲಂಗರು, ಶೆಫೀಲ್ಡ್‌ಗೆ ಕಿರೀಟ. ಶೆಫೀಲ್ಡ್ ಮತ್ತು ಬರ್ಮಿಂಗ್‌ಹ್ಯಾಂಗೆ ಸ್ವಂತ ಪರೀಕ್ಷಾ ಕಚೇರಿ ಸಿಕ್ಕಿದ್ದು 1773ರಲ್ಲಿ. 1975ರಿಂದ ಶೆಫೀಲ್ಡಿನ ಕಿರೀಟ ಹೋಗಿ ಗುಲಾಬಿ ಬಂತು. ಆಮೇಲೆ ಮಾಡಿದವರ ಇನಿಷಿಯಲ್ಲು, ವರ್ಷ ಹೇಳುವ ಒಂದು ಇಂಗ್ಲಿಷ್ ಅಕ್ಷರ. ಅಕ್ಷರಮಾಲೆ ಮುಗಿದಾಗ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಬದಲಾಯಿಸಿ ಮತ್ತೆ ಶುರು ಮಾಡುತ್ತಾರೆ. ಅದಕ್ಕೇ ಮೊದಲು ಊರು ಗೊತ್ತುಮಾಡಿಕೊಂಡು, ಆಮೇಲೆ ಆ ಊರಿನ ಪಟ್ಟಿಯಲ್ಲಿ ಅಕ್ಷರ ಹುಡುಕಬೇಕು. ರಾಜನದೋ ರಾಣಿಯದೋ ತಲೆ ಇದ್ದರೆ ತೆರಿಗೆ ಕಟ್ಟಿದ ಗುರುತು. ಅದು 1784ರಿಂದ 1890ರವರೆಗೆ ಮಾತ್ರ ಇತ್ತು. ನನ್ನ ಕೈಲಿದ್ದ ಚಮಚದಲ್ಲಿ ಸಿಂಹ, ಚಿರತೆ, ಚಿಕ್ಕಕ್ಷರದ 'ಎ'. ತಲೆ ಇಲ್ಲ. ಪಟ್ಟಿ ನೋಡಿದರೆ ಲಂಡನ್, 1896. ಲಾಗ್ ಫೈಲ್ ನೋಡಿ ಬಗ್ ಹಿಡಿದಷ್ಟೇ ಖುಷಿಯಾಯ್ತು.

"ಈಗ ನಿಮ್ಮದು" ಅಂದರು.

ನಮ್ಮ ಚಮಚದಲ್ಲೂ ನಾಲ್ಕು ಪುಟ್ಟ ಚೌಕಟ್ಟುಗಳು. ಆದರೆ ಒಳಗೆ ಸಿಂಹವಿಲ್ಲ, ಕಿರೀಟವಿಲ್ಲ. ಒಂದೊಂದರಲ್ಲಿ ಒಂದೊಂದು ಅಕ್ಷರ: ಇ, ಪಿ, ಎನ್, ಎಸ್. ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್. ಒಳಗಿರೋದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಬರೀ ಮೇಲಿನ ಲೇಪ. ಮದುವೆ ಮನೆಯಲ್ಲಿ ಕೊಡುವ ಕುಂಕುಮದ ಬಟ್ಟಲಿಗೆ ನಾವು ಜರ್ಮನ್ ಸಿಲ್ವರ್ ಅಂತೀವಲ್ಲ, ಅದೇ ಲೋಹ.

ಎರಡು ದಿನ ಅಪ್ಪನಿಗೆ ಫೋನ್ ಮಾಡಲಿಲ್ಲ. ಕಡೆಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಪಿಯುಸಿ ಫೀಸಿಗೆ ಅಮ್ಮ ಓಲೆ ಅಡ ಇಟ್ಟಳು ಕಣೋ. ಚಮಚ ಮುಟ್ಟಲಿಲ್ಲ. ಅದು ಇನ್ನೂ ದೊಡ್ಡ ಕಷ್ಟಕ್ಕೆ ಅಂತಿದ್ದಳು" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸೌಟಿನ ಹಿಂಭಾಗದ ಫೋಟೋ ಕಳಿಸಿ ಅಂದೆ.

ರಾತ್ರಿ ವಾಟ್ಸ್ಯಾಪಿನಲ್ಲಿ ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ. ಸವೆದಿದ್ದರೂ ಕಾಣುತ್ತಿತ್ತು: ನಡೆಯುವ ಸಿಂಹ, ಕಿರೀಟ, ಎಡಕ್ಕೆ ಮುಖ ಮಾಡಿದ ವಿಕ್ಟೋರಿಯಾ ರಾಣಿ. ಅಸಲಿ ಬೆಳ್ಳಿ! ರಾಣಿ ಪಟ್ಟಕ್ಕೆ ಬಂದದ್ದು 1837, ತಲೆಯ ಮುದ್ರೆ ನಿಂತದ್ದು 1890. ಆ ನಡುವೆ ಯಾವ ವರ್ಷ ಅಂತ ಹೇಳಬೇಕಾದ ಅಕ್ಷರ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ಪ್ರತಿ ಹಬ್ಬಕ್ಕೂ ಅಜ್ಜಿ, ಆಮೇಲೆ ಅಮ್ಮ, ವಿಭೂತಿ ಹಾಕಿ ಉಜ್ಜಿದ್ದಾರಲ್ಲ.

"ಸೌಟೊಂದನ್ನೇ ಕರಗಿಸಿದರೆ ತಟ್ಟೆಗೆ ಸಾಕಾಗಲ್ಲ" ಅಂದರು ಅಪ್ಪ. ಆಮೇಲೆ ತಾವೇ, "ಬೇಡ ಬಿಡು. ಮದುವೆಯಲ್ಲಿ ಪಾಯಸ ಬಡಿಸೋಕೆ ಬೇಕು" ಅಂದರು. ಬೆಳ್ಳಿ ತಟ್ಟೆಯ ಖರ್ಚು ನನ್ನ ತಲೆಗೆ ಬಂತು ಅನ್ನೋದು ಬೇರೆ ಹೇಳಬೇಕಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೇ ಚಮಚ ಇದ್ದರೆ, ಅಕ್ಕಸಾಲಿಗರ ಹತ್ತಿರ ಒಯ್ಯುವ ಮೊದಲು ಬಿಸಿಲಿಗೆ ಹಿಡಿದು ಹಿಂಭಾಗ ಒಮ್ಮೆ ನೋಡಿ. ಸಿಂಹ ಕಂಡರೆ ಕರಗಿಸಬೇಡಿ. ಮತ್ತೆ, ಮುದ್ರೆ ಇರೋ ಜಾಗದಲ್ಲಿ ವಿಭೂತಿ ಸ್ವಲ್ಪ ಮೆತ್ತಗೆ ಉಜ್ಜಿ.